ಇನ್ಮೇಲೆ ಒಂದೇ ಗೇಜು, ಆಣೆಗೂ!

ಮೆಜೆಸ್ಟಿಕ್‌ನಲ್ಲಿ ರೈಲು ಇಳಿದು, ಸೂಟ್‌ಕೇಸ್ ಎಳೆದುಕೊಂಡು ಮೆಟ್ರೊ ಕಡೆ ನಡೆದಿದ್ದೀರಾ? ಹಾಗಾದರೆ ನೀವು 1676 ಮಿಲಿಮೀಟರ್ ಗೇಜಿನಿಂದ (ಗೇಜು ಅಂದರೆ ಎರಡು ಹಳಿಗಳ ನಡುವಿನ ಅಗಲ) 1435ಕ್ಕೆ ಬಂದಿರಿ. ಮಧ್ಯೆ 241 ಮಿಲಿಮೀಟರ್ ಕಳೆದುಹೋಯಿತು. ಒಂದು ಗೇಣಿಗಿಂತ ಚೂರು ಜಾಸ್ತಿ. ಯಾರೂ ಕದ್ದಿಲ್ಲ, ಗಾಬರಿ ಬೇಡ.

ಈ ದೇಶದ ಹಳಿಗೆಲ್ಲ ಒಂದೇ ಅಗಲ ಇರಬೇಕು ಅಂತ ಮೊದಲು ಹಟ ಹಿಡಿದವರು ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ. ಪಾಪ, ಅವರಿಗೆ ಕಾರಣ ಇತ್ತು. ಇಂಗ್ಲೆಂಡಿನ ರೈಲು ಎಂಜಿನಿಯರುಗಳಲ್ಲಿ ಸ್ಟೀಫನ್‌ಸನ್ ಅವರದು 4 ಅಡಿ 8½ ಇಂಚು, ಬ್ರೂನೆಲ್ ಅವರದು 7 ಅಡಿ ಕಾಲು ಇಂಚು. ಗ್ಲೋಸ್ಟರ್ ನಿಲ್ದಾಣದಲ್ಲಿ ಎರಡೂ ಎದುರುಬದುರಾದವು. ಸಾಮಾನನ್ನೆಲ್ಲ ಇಲ್ಲಿ ಇಳಿಸು, ಅಲ್ಲಿ ಹೇರು. ಜಗಳ ಪಾರ್ಲಿಮೆಂಟ್ ಹತ್ತಿ 1846ರಲ್ಲಿ ಕಾನೂನೇ ಬಂತು. ಈ ಗದ್ದಲ ನಡೆಯುವಾಗ ರೈಲ್ವೆ ನೋಡಿಕೊಳ್ಳುತ್ತಿದ್ದ ಅಲ್ಲಿನ ಬೋರ್ಡ್ ಆಫ್ ಟ್ರೇಡ್‌ನಲ್ಲಿ ಕೂತಿದ್ದವರು ಇದೇ ಡಾಲ್‌ಹೌಸಿ. ಇಲ್ಲಿಗೆ ಬಂದ ಮೇಲೆ, ಆ ತಲೆನೋವು ಮತ್ತೆ ಬೇಡಪ್ಪ ಅಂದರು. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯವರು 4 ಅಡಿ 8½ ಇಂಚು ಸಾಕು ಅಂದರು. ಇವರು 6 ಅಡಿ ಬೇಕು ಅಂದರು. ಸೊಪ್ಪಿನ ಚೌಕಾಶಿಯ ಹಾಗೆ 5 ಅಡಿ 6 ಇಂಚಿಗೆ ಮಾತು ಮುಗಿಯಿತು. ಅದೇ ಇವತ್ತಿನ 1676 ಮಿಲಿಮೀಟರ್, ಬ್ರಾಡ್‌ಗೇಜ್. ಇನ್ಮೇಲೆ ಒಂದೇ ಗೇಜು!

ಇಪ್ಪತ್ತು ವರ್ಷದಲ್ಲಿ ಖಜಾನೆ ಕೆಮ್ಮತೊಡಗಿತು. 1870ರಲ್ಲಿ ವೈಸ್‌ರಾಯ್ ಲಾರ್ಡ್ ಮೇಯೊ ಅಗ್ಗದ ಹಳಿ ಹುಡುಕಿದರು. ಸಾಲಿಗೆ ನಾಲ್ಕು ಜನ ಕೂರಲು ಎಷ್ಟು ಅಗಲ ಬೇಕು ಅಂತ ಲೆಕ್ಕ ಹಾಕಿ 3 ಅಡಿ 3 ಇಂಚಿಗೆ ಬಂದರು. ಐದನೆಯವನು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತಾನೆ ಅನ್ನೋದು ದೊರೆಗಳಿಗೆ ಹೊಳೆದಂತಿಲ್ಲ. ಆಮೇಲೆ, ಹೇಗೂ ಮೆಟ್ರಿಕ್ ಪದ್ಧತಿ ಬರ್ತಾ ಇದೆಯಲ್ಲ ಅಂತ ಅದನ್ನು ಸರಿಯಾಗಿ ಒಂದು ಮೀಟರ್ ಮಾಡಿದರು. ಹಳಿ ಬಂತು, ಪದ್ಧತಿ ಬರಲಿಲ್ಲ. ಅದಕ್ಕೆ 1950ರ ದಶಕದ ಕೊನೆವರೆಗೆ ಕಾಯಬೇಕಾಯಿತು. ಅಲ್ಲಿವರೆಗೆ ಬೆಲ್ಲ ಮಣದಲ್ಲಿ, ಅಕ್ಕಿ ಸೇರಿನಲ್ಲಿ, ಬಟ್ಟೆ ಗಜದಲ್ಲಿ. ರೈಲು ಮಾತ್ರ ಮೀಟರಿನಲ್ಲಿ.

ನಮ್ಮವರೇನು ಕಡಿಮೆಯೇ? 1864ರಲ್ಲೇ ಜೋಲಾರಪೇಟೆ ಕಡೆಯಿಂದ ಬೆಂಗಳೂರಿಗೆ ಬ್ರಾಡ್‌ಗೇಜ್ ಬಂದಿತ್ತು. ಮೈಸೂರಿಗೆ ಮೀಟರ್‌ಗೇಜ್ ಹಾಕಿದರು. ಚಿಕ್ಕಬಳ್ಳಾಪುರಕ್ಕೆ 2 ಅಡಿ 6 ಇಂಚು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಬರೀ 2 ಅಡಿ. ಆ 6 ಇಂಚು ಎಲ್ಲಿ ಉಳಿತಾಯ ಆಯಿತೋ!

ಹಾಸನ–ಮಂಗಳೂರಿನ ಕಥೆ ಇನ್ನೂ ಚೆಂದ. ಘಟ್ಟ ಕೊರೆದು, ಸುರಂಗದ ಮೇಲೆ ಸುರಂಗ ತೋಡಿ, 1979ರಲ್ಲಿ ದಾರಿ ಪೂರ್ತಿ ಮಾಡಿದರು. ಯಾವ ಗೇಜು? ಮೀಟರ್! 1992ರಲ್ಲಿ ಹಳಿಗಳನ್ನು ಬ್ರಾಡ್‌ಗೇಜ್‌ಗೆ ಬದಲಿಸುವ ಯೂನಿಗೇಜ್ ಯೋಜನೆ ಬಂತು. ಇನ್ಮೇಲೆ ಒಂದೇ ಗೇಜು! ಹೊಚ್ಚ ಹೊಸ ಹಳಿಯನ್ನು ತೊಂಬತ್ತರ ದಶಕದಲ್ಲಿ ಕಿತ್ತರು. ಪ್ರಯಾಣಿಕರ ರೈಲು ಮತ್ತೆ ಘಟ್ಟ ಇಳಿದಿದ್ದು 2007ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷ ಬಸ್ಸಿನವರು ಹಬ್ಬ ಮಾಡಿದರು.

ಒಂದೇ ಗೇಜು ಇನ್ನೇನು ಆಗೇಬಿಟ್ಟಿತು ಅನ್ನುವಾಗ ಮೆಟ್ರೊ ಬಂತು. ದೆಹಲಿಯಲ್ಲಿ ಮೊದಲ ಮೂರು ಮಾರ್ಗ ಬ್ರಾಡ್‌ಗೇಜ್, ಆಮೇಲಿನವು 1435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್. ಒಂದೇ ಊರು, ಒಂದೇ ಟಿಕೆಟ್, ಎರಡು ಅಗಲ. 2011ರಲ್ಲಿ ಶುರುವಾದ ನಮ್ಮ ಮೆಟ್ರೊ ಕೂಡ ಸ್ಟ್ಯಾಂಡರ್ಡ್ ಗೇಜೇ. ತಿರುವಿನಲ್ಲಿ ಸಲೀಸು, ಬೋಗಿ ಹೊರದೇಶದಲ್ಲೂ ಸಿಗುತ್ತವೆ, ಒಪ್ಪೋಣ. ಬುಲೆಟ್ ರೈಲಿಗೂ ಅದೇ. ಬೆಂಗಳೂರಿನ ಉಪನಗರ ರೈಲಿಗೆ ಮಾತ್ರ ಬ್ರಾಡ್‌ಗೇಜ್. ಬೇಜಾರು ಆಗಬಾರದಲ್ವಾ, ಅದಕ್ಕೆ.

ಅಂದ ಹಾಗೆ, ಈ ಆಧುನಿಕ 1435 ಮಿಲಿಮೀಟರನ್ನು ಅಡಿ-ಇಂಚಿಗೆ ತಿರುಗಿಸಿ ನೋಡಿ. ಸರಿಯಾಗಿ 4 ಅಡಿ 8½ ಇಂಚು. ಲಂಡನ್ನಿನವರು ಅವತ್ತೇ ಸಾಕು ಅಂದಿದ್ದರು.

ಸೂಟ್‌ಕೇಸ್ ಎತ್ತಿಕೊಳ್ಳಿ. ಮೆಟ್ಟಿಲು ಈ ಕಡೆ.