ಸುಡುವಾಗ ಕೋವಿಡ್, ಬರೆಯುವಾಗ ನ್ಯುಮೋನಿಯಾ

ಮೊನ್ನೆ ಮಲ್ಪೆಗೆ ಹೋಗಿದ್ದೆ. ಅತ್ತೆ ಕಪಾಟಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ರೇಷನ್ ಕಾರ್ಡಿನ ಜೊತೆ ಮಾವನ ಆಸ್ಪತ್ರೆ ಕಾಗದಗಳು. "ಇದರಲ್ಲಿ ಎಂತ ಬರೆದಿದ್ದಾರೆ, ಇನ್ನೊಮ್ಮೆ ಓದು ಮಗಾ" ಅಂದರು. ಎಷ್ಟು ಸಲ ಓದಿದ್ದೇನೋ. ಸಾವಿಗೆ ಕಾರಣ ನ್ಯುಮೋನಿಯಾ. ಕೋವಿಡ್ ಅನ್ನುವ ಶಬ್ದವೇ ಇಲ್ಲ.

2021ರ ಮೇ ತಿಂಗಳು. ಮಾವನಿಗೆ ಜ್ವರ ಬಂತು, ಆಮೇಲೆ ಒಲೆಯ ಮೇಲೆ ಕುದಿಯುವ ಮೀನು ಸಾರಿನ ವಾಸನೆಯೂ ಗೊತ್ತಾಗಲಿಲ್ಲ. ಟೆಸ್ಟ್ ಮಾಡಿಸುವಾಗ ಹನ್ನೊಂದು ದಿನ ಕಳೆದಿತ್ತು, ನೆಗೆಟಿವ್ ಬಂತು. ಅದೇ ದಿನ ಎದೆಯ ಸ್ಕ್ಯಾನ್‌ನಲ್ಲಿ, ಶ್ವಾಸಕೋಶ ಎಷ್ಟು ಕೆಟ್ಟಿದೆ ಅಂತ ಹೇಳುವ ಸ್ಕೋರ್ 25ಕ್ಕೆ 19. ಮಲಗಿಸಿದ್ದು ಕೋವಿಡ್ ವಾರ್ಡಿನಲ್ಲೇ. ತೀರಿಕೊಂಡ ಮೇಲೆ ಪಿಪಿಇ ಕಿಟ್ ಹಾಕಿಕೊಂಡವರು ಪ್ಲಾಸ್ಟಿಕ್ ಸುತ್ತಿ ನೇರ ಸ್ಮಶಾನಕ್ಕೆ ಒಯ್ದರು, ಅತ್ತೆ ದೂರದಲ್ಲಿ ನಿಂತು ನೋಡಿದರು, ಮುಖ ಕೂಡ ಕಾಣಲಿಲ್ಲ. ಅಕ್ಕಪಕ್ಕದವರು ಎಷ್ಟೋ ದಿನ ಆ ಅಂಗಳಕ್ಕೆ ಕಾಲಿಡಲಿಲ್ಲ. ಇಷ್ಟೆಲ್ಲಾ ಮಾಡುವಾಗ ಅದು ಕೋವಿಡ್. ಪೆನ್ನು ಹಿಡಿದಾಗ ಮಾತ್ರ ಅಲ್ಲ!

ಇದು ಬರೀ ಕೈತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಟೆಸ್ಟ್‌ನಲ್ಲಿ ವೈರಸ್ ಸಿಗದಿದ್ದರೂ ಲಕ್ಷಣ ನೋಡಿ ಕೋವಿಡ್ ಅಂತ ಬರೆಯಲು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಯು07.2 ಅಂತ ಬೇರೆ ಕೋಡ್ ಕೊಟ್ಟಿತ್ತು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಅದನ್ನು ಒಪ್ಪಿತ್ತು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2021ರ ಸೆಪ್ಟೆಂಬರಿನಲ್ಲಿ ಬಂದ ಕೇಂದ್ರದ ನಿಯಮದಲ್ಲೂ ಅಷ್ಟೇ, ಪಾಸಿಟಿವ್ ರಿಪೋರ್ಟ್ ಇಲ್ಲದಿದ್ದರೂ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಕೋವಿಡ್ ಅಂದಿದ್ದರೆ ಸಾಕು, ಹಾಗೆ ಗೊತ್ತಾದ 30 ದಿನದೊಳಗಿನ ಸಾವು ಲೆಕ್ಕಕ್ಕೆ ಬರಬೇಕು. ಆದರೆ ಕೋವಿಡ್ ಸಾವಿಗೆ ಸರ್ಕಾರ ಘೋಷಿಸಿದ್ದ 50 ಸಾವಿರದ ಪರಿಹಾರಕ್ಕೆ ಅರ್ಜಿ ಹಿಡಿದು ಹೋದಾಗ ಕೌಂಟರಿನಲ್ಲಿ ಕೇಳಿದ್ದು ಒಂದೇ, "ಪಾಸಿಟಿವ್ ರಿಪೋರ್ಟ್ ಉಂಟಾ?" ಬೋಟಿನ ದುಡಿಮೆ ನಿಂತ ಮನೆಗೆ ಅದು ಸಣ್ಣ ದುಡ್ಡಲ್ಲ.

ಕಾಯಿಲೆಗೆ ಹೆಸರಿಡುವುದು ಡಾಕ್ಟರ ಕೆಲಸ ಅಂದುಕೊಂಡಿದ್ದೆ. ಆ ಎರಡು ವರ್ಷದಲ್ಲಿ ಅದು ಸರ್ಕಾರದ ಮಾನದ ಪ್ರಶ್ನೆಯೂ ಆಗಿಬಿಟ್ಟಿತ್ತು. ಸಂಖ್ಯೆ ಕಡಿಮೆ ಇದ್ದರೆ ಆಡಳಿತ ಚೆನ್ನಾಗಿದೆ ಅಂತ. 2021ರ ಕೊನೆಗೆ ದೇಶದಲ್ಲಿ ಸರ್ಕಾರದ ಲೆಕ್ಕ ಸುಮಾರು 4.8 ಲಕ್ಷ ಕೋವಿಡ್ ಸಾವು, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 47 ಲಕ್ಷ. ಕೇಂದ್ರ ಒಪ್ಪಲಿಲ್ಲ. ಸರಿ, ಅಂದಾಜು ಬಿಡಿ. ಸರ್ಕಾರವೇ 2025ರಲ್ಲಿ ಹೊರಗೆ ಬಿಟ್ಟ ನೋಂದಣಿ ಲೆಕ್ಕ ನೋಡಿ. ಎಲ್ಲ ಕಾರಣಗಳೂ ಸೇರಿ 2020ರಲ್ಲಿ 81 ಲಕ್ಷ ಸಾವು, 2021ರಲ್ಲಿ 1 ಕೋಟಿ 2 ಲಕ್ಷ. ಎಲ್ಲವೂ ಕೋವಿಡ್ ಅಂತ ನಾನು ಹೇಳುವುದಿಲ್ಲ. ಆದರೆ ಒಂದೇ ವರ್ಷದಲ್ಲಿ ಇಷ್ಟು ಜನ ಜಾಸ್ತಿ ಸುಮ್ನೆ ಸತ್ತರಾ?

ನೆಗೆಟಿವ್ ಅಂತ ಬದಿಗೆ ಸರಿಸಿದ ಕಾಗದಗಳನ್ನು ಜಿಲ್ಲೆ ಜಿಲ್ಲೆಯಲ್ಲೂ ಇನ್ನೊಮ್ಮೆ ಬಿಚ್ಚಿ ನೋಡಲಿ. ಮಾವನ ಸ್ಕ್ಯಾನ್ ಫಿಲ್ಮ್ ಅತ್ತೆಯ ಕವರಿನಲ್ಲಿ ಹಾಗೇ ಇದೆ. ಕರೆದ ದಿನ ನಾನೇ ತಂದು ಕೊಡುತ್ತೇನೆ.