ಏರಿಯಾ ಶಾಂತವಾಗಿದೆ, ಸರಿ. ಯಾರಿಗೆ?

ಮನೆ ಹುಡುಕುತ್ತಿರುವವರ ಬಾಯಲ್ಲಿ ಪದೇ ಪದೇ ಬರುವ ಮಾತು: "ಏರಿಯಾ ತುಂಬಾ ಶಾಂತವಾಗಿದೆ." ಅಷ್ಟು ಹೇಳಿದರೆ ಎಲ್ಲ ಹೇಳಿದಂತೆ. ಕೇಳಿದವರೂ ಹೂಂ ಎಂದು ತಲೆಯಾಡಿಸುತ್ತಾರೆ. ನನಗೆ ಮಾತ್ರ ಒಂದು ಪ್ರಶ್ನೆ ಕೇಳದೆ ಇರಲಾಗುವುದಿಲ್ಲ. ಅಲ್ಲಿ ಕಡಿಮೆ ಇರುವುದು ವಾಹನಗಳೋ, ಮನುಷ್ಯರೋ?

ಮನೆ ನೋಡಲು ಹೋದ ದಿನ ಎರಡೂ ಒಂದೇ ಥರ ಕಾಣುತ್ತವೆ. ಮರದ ನೆರಳು, ಖಾಲಿ ರಸ್ತೆ, ಮುಚ್ಚಿದ ಗೇಟುಗಳು. ಅಲ್ಲೇ ಬಾಳುವವರಿಗೆ ಮಾತ್ರ ಎರಡಕ್ಕೂ ಅಜಗಜಾಂತರ.

ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕಾರರು 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂರು ವಸತಿ ಬೀದಿಗಳನ್ನು ಹೋಲಿಸಿ ನೋಡಿದ್ದರು. ದಿನಕ್ಕೆ ಸುಮಾರು 2,000 ವಾಹನಗಳಷ್ಟೇ ಓಡಾಡುವ ಬೀದಿಯಲ್ಲಿ ಒಬ್ಬೊಬ್ಬರಿಗೂ ಅದೇ ಬೀದಿಯ ಸರಾಸರಿ 3 ಮಂದಿ ಗೆಳೆಯರು, 6.3 ಮಂದಿ ಪರಿಚಿತರು. ಸುಮಾರು 16,000 ವಾಹನ ಓಡುವ ಬೀದಿಯಲ್ಲಿ ಗೆಳೆಯರು 0.9, ಪರಿಚಿತರು 3.1. ವಾಹನ ಕಡಿಮೆ ಇದ್ದಲ್ಲಿ ಜನ ಇಡೀ ಬೀದಿಯನ್ನೇ ತಮ್ಮದೆಂದುಕೊಂಡಿದ್ದರು, ಹೆಚ್ಚಿದ್ದಲ್ಲಿ ಮನೆಯೊಳಗೆ ಸರಿದುಬಿಟ್ಟಿದ್ದರು. ಮೂರೇ ಬೀದಿಗಳ ಅಧ್ಯಯನ, ಅಲ್ಲಿ ವಾಸಿಸುವ ಕುಟುಂಬಗಳೂ ಒಂದೇ ಬಗೆಯವಲ್ಲ, ಹಾಗಾಗಿ ಅಂಕಿಗಳನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೆ ಅದು ತೋರಿಸಿದ ವಿಷಯ ನನಗೆ ಬಹಳ ಮುಖ್ಯ. ವಾಹನ ಕಡಿಮೆಯಾದ್ದರಿಂದ ಬಂದ ಶಾಂತಿ ಜನರನ್ನು ಹತ್ತಿರ ತರುತ್ತದೆ. ಜನರೇ ಇಲ್ಲದ್ದರಿಂದ ಬಂದ ಶಾಂತಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಯಾವುದು ಯಾವುದೆಂದು ತಿಳಿಯಲು ವಾರದ ನಡುವಿನ ಒಂದು ಸಂಜೆ ಅಲ್ಲಿ ನಡೆದಾಡಿದರೆ ಸಾಕು. ಮಕ್ಕಳು ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದಾರೆಯೇ? ಗೇಟಿನ ಬಳಿ ನಿಂತು ಮಾತಾಡುವವರು ಇದ್ದಾರೆಯೇ? ಕತ್ತಲಾದ ಮೇಲೆ ಎಷ್ಟು ಕಿಟಕಿಗಳಲ್ಲಿ ದೀಪ ಹೊತ್ತಿಕೊಳ್ಳುತ್ತದೆ? ಅಪರಿಚಿತರಾದ ನಿಮ್ಮನ್ನು ನೋಡಿ ಯಾರಾದರೂ "ಯಾರ ಮನೆ ಬೇಕಿತ್ತು?" ಎಂದು ವಿಚಾರಿಸಿದರೆ ನಾನಂತೂ ಆ ಬೀದಿಗೆ ಪೂರ್ತಿ ಅಂಕ ಕೊಡುತ್ತೇನೆ. ಅಲ್ಲಿ ಬೀದಿಯ ಮೇಲೆ ಕಣ್ಣಿಟ್ಟವರಿದ್ದಾರೆ ಎಂದರ್ಥ. ರಾತ್ರಿ ತಡವಾಗಿ ಒಬ್ಬರೇ ಮನೆಗೆ ಬರಬೇಕಾದ ಹೆಣ್ಣುಮಗಳಿಗೆ ಅದಕ್ಕಿಂತ ದೊಡ್ಡ ಭರವಸೆ ಇಲ್ಲ.

ಇನ್ನು ಸದ್ದಿನ ವಿಚಾರ. ಹಗಲು ಮಧ್ಯಾಹ್ನ ನೋಡಿ ತೀರ್ಮಾನ ಮಾಡಬೇಡಿ, ದಯವಿಟ್ಟು. ಗಾಳಿಯಿಲ್ಲದ, ಆಕಾಶ ತಿಳಿಯಾಗಿರುವ ರಾತ್ರಿಗಳಲ್ಲಿ ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಣ್ಣಗಿರುತ್ತದೆ. ಆಗ ಮೇಲಕ್ಕೆ ಹೋಗುವ ಶಬ್ದ ಬಾಗಿ ಮತ್ತೆ ಕೆಳಗಿಳಿಯುತ್ತದೆ. ಹಗಲಲ್ಲಿ ಸುಳಿವೇ ಇಲ್ಲದ ದೂರದ ಹೆದ್ದಾರಿಯೋ ರೈಲೋ ರಾತ್ರಿ ತಲೆದಿಂಬಿನ ಪಕ್ಕಕ್ಕೇ ಬಂದಂತಾಗುವುದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಕೊಟ್ಟ ಮಾರ್ಗಸೂಚಿಯಲ್ಲಿ ರಾತ್ರಿಯ ರಸ್ತೆ ಸದ್ದು ಸರಾಸರಿ 45 ಡೆಸಿಬಲ್‌ಗಿಂತ ಕಡಿಮೆ ಇರಬೇಕು ಎಂದಿದೆ. ಫೋನಿನ ಆ್ಯಪ್‌ನಲ್ಲಿ ಅಳೆದರೆ ಅಂದಾಜು ಸಿಗುತ್ತದೆ, ಕರಾರುವಾಕ್ಕಾಗಿ ಅಲ್ಲ. ನೆನಪಿಡಿ, 10 ಡೆಸಿಬಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡರಷ್ಟಾದಂತೆ ಕೇಳುತ್ತದೆ.

ಸರಾಸರಿ ಎಂಬುದು ಮುಚ್ಚಿಡುವ ಒಂದು ಸಂಗತಿಯೂ ಇದೆ. ಗದ್ದಲದ ರಸ್ತೆಯಲ್ಲಿ ಪಕ್ಕದ ಮನೆಯ ಪಂಪ್‌ಸೆಟ್, ಬೊಗಳುವ ನಾಯಿ, ಬಾಗಿಲು ಬಡಿದ ಸದ್ದು ಎಲ್ಲವೂ ಒಂದರಲ್ಲೊಂದು ಕರಗಿಹೋಗುತ್ತವೆ. ನಿಶ್ಶಬ್ದ ಬೀದಿಯಲ್ಲಿ ಅವೆಲ್ಲ ಬಿಳಿ ಬಟ್ಟೆಯ ಮೇಲಿನ ಕಲೆಯ ಹಾಗೆ ಎದ್ದು ಕಾಣುತ್ತವೆ. ಸಣ್ಣ ಸದ್ದಿಗೂ ಎಚ್ಚರಾಗುವವರು ಶಾಂತವಾದ ಜಾಗವೆಂದು ಹುಡುಕಿಕೊಂಡು ಹೋಗಿ, ಹಿಂದಿಗಿಂತ ಹೆಚ್ಚು ನಿದ್ದೆಗೆಡುವುದು ಅಚ್ಚರಿಯಲ್ಲ. ನಿಮ್ಮ ಮನೆಯ ಸದ್ದು ಕೂಡ ಅಲ್ಲಿ ಹಾಗೆಯೇ ಕೇಳುತ್ತದೆ. ಸಂಗೀತ ಅಭ್ಯಾಸ ಮಾಡುವವರು, ಕುಣಿದಾಡುವ ಮಕ್ಕಳಿರುವವರು, ನೆಂಟರು ಬಂದರೆ ಮಧ್ಯರಾತ್ರಿವರೆಗೆ ನಗುವವರು ಇದನ್ನು ಮೊದಲೇ ಯೋಚಿಸಬೇಕು. ಸದಾ ದನಿ ತಗ್ಗಿಸಿಕೊಂಡೇ ಬದುಕುವುದೂ ಒಂದು ಭಾರ.

ಶಾಂತವಾದ ಜಾಗ ಕಚೇರಿಯಿಂದ ದೂರವಿದ್ದರೆ, ಆ ದೂರದ ಲೆಕ್ಕ ಸುಲಭ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಹೆಚ್ಚಾದರೆ, ವಾರಕ್ಕೆ ಐದು ದಿನದಂತೆ ವರ್ಷಕ್ಕೆ ಸುಮಾರು 250 ಗಂಟೆ, ಅಂದರೆ ಹತ್ತು ಹಗಲು ಹತ್ತು ರಾತ್ರಿ ದಾರಿಯಲ್ಲೇ ಕಳೆದಂತೆ.

ನನಗೆ ನಿಜಕ್ಕೂ ಸಂಕಟವಾಗುವುದು ಬೇರೆ ಕಡೆ. ಮನೆ ಆರಿಸುವವರು ಬಹಳಷ್ಟು ಸಲ ಬೆಳಿಗ್ಗೆ ಹೊರಟು ರಾತ್ರಿ ಬರುವವರು. ಕಚೇರಿಯ ಗಲಾಟೆಯಲ್ಲಿ ಬೆಂದು ಬಂದವರಿಗೆ ಮೌನ ಬೇಕು, ನ್ಯಾಯವೇ. ಆದರೆ ಹಗಲಿಡೀ ಆ ಮನೆಯಲ್ಲಿ ಇರುವವರು ಯಾರು? ವಯಸ್ಸಾದ ಅಪ್ಪ ಅಮ್ಮ, ಚಿಕ್ಕ ಮಗುವಿನ ತಾಯಿ, ಮನೆಯಿಂದಲೇ ಕೆಲಸ ಮಾಡುವವರು. ಅವರಿಗೆ ಮಾತಾಡಲು ಒಬ್ಬರು ಬೇಕು. ಹತ್ತು ನಿಮಿಷ ನಡೆದರೆ ತಲುಪುವಂತೆ, ಅಂದರೆ 800 ಮೀಟರ್ ಒಳಗೆ, ಒಂದು ಔಷಧಿ ಅಂಗಡಿ, ಕೂರಲು ಬೆಂಚು, ಬಸ್ಸು ಹತ್ತಲು ಒಂದು ಜಾಗ ಬೇಕು. ಗಾಡಿ ಓಡಿಸಲು ಬಾರದವರಿಗೆ ಇವು ಇಲ್ಲದ ಬಡಾವಣೆ ಎಷ್ಟೇ ಚೆಂದವಿರಲಿ, ಅದು ಇನ್ನೊಬ್ಬರ ಬಿಡುವಿಗೆ ಕಾಯುವ ಬದುಕು. ಆದ್ದರಿಂದ ಮನೆಯಲ್ಲಿ ಅತಿ ಹೆಚ್ಚು ಹೊತ್ತು ಕಳೆಯುವವರ ಮಾತಿಗೇ ಹೆಚ್ಚು ತೂಕ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮನೆ ನೋಡಲು ಹೋಗುವಾಗ ಅವರನ್ನು ಕರೆದೊಯ್ಯಿರಿ. ಅವರು ತಾವಾಗಿಯೇ ಅಂಗಡಿಯವರೆಗೆ ನಡೆದು ಬರಲಿ. ದಾರಿಯಲ್ಲಿ ಏದುಸಿರು ಬಂತೇ, ಯಾರಾದರೂ ನಕ್ಕು ಮಾತಾಡಿಸಿದರೇ ಎಂದು ಕೇಳಿ.

ಒಂಟಿಯಾಗಿರುವುದೇ ಇಷ್ಟ ಎನ್ನುವವರೂ ಇದ್ದಾರೆ. ಓದು, ಗಿಡ, ನಾಯಿ, ಫೋನಿನಲ್ಲಿ ಗಟ್ಟಿಯಾದ ನಾಲ್ಕು ಸ್ನೇಹ ಇದ್ದವರಿಗೆ ಜನ ಕಡಿಮೆ ಇರುವ ಜಾಗವೂ ಚೆನ್ನಾಗಿ ಹೊಂದಬಹುದು. ಊರಿಗೆ ಹೊಸಬರಾಗಿ, ಯಾರ ಪರಿಚಯವೂ ಇಲ್ಲದೆ ಬಂದವರಿಗೆ ಮಾತ್ರ ನಾನು ಸ್ವಲ್ಪ ಗಲಗಲ ಎನ್ನುವ ಬೀದಿಯನ್ನೇ ಹೇಳುತ್ತೇನೆ.

ಸಾಧ್ಯವಿದ್ದರೆ ಕೊಳ್ಳುವ ಮೊದಲು ಅದೇ ಬೀದಿಯಲ್ಲಿ ಕೆಲವು ತಿಂಗಳು ಬಾಡಿಗೆಗೆ ಇರಿ. ಅದಾಗದಿದ್ದರೆ ಆ ಮನೆಯಲ್ಲಿ ಹಿಂದೆ ಇದ್ದವರು ಯಾಕೆ ಬಿಟ್ಟು ಹೋದರು ಎಂದು ವಿಚಾರಿಸಿ. ಮಾಲೀಕರನ್ನಲ್ಲ, ಬ್ರೋಕರನ್ನೂ ಅಲ್ಲ, ಎದುರು ಮನೆಯವರನ್ನು. ಎದುರು ಮನೆಯವರಿಗೆ ಅವರ ಹೆಸರೂ ಗೊತ್ತಿಲ್ಲವೆಂದರೆ, ನಿಮಗೆ ಬೇಕಾದ ಉತ್ತರ ಅದರಲ್ಲೇ ಇದೆ.