ಪ್ರೌಢಶಾಲೆಯ ಗಣಿತ ಪಾಠ ಚಟುವಟಿಕೆಯಿಂದಲೇ ಶುರುವಾಗಬೇಕೆ?

ಪರ: ಮೊದಲು ಕೈಗೆ ಸಿಗಲಿ

ಹತ್ತನೇ ತರಗತಿಯ ಮಕ್ಕಳಿಗೆ ಶಂಕುವಿನ ಘನಫಲ ಕೇಳಿದರೆ ಸೂತ್ರ ಥಟ್ಟನೆ ಬರುತ್ತದೆ. ಅದರೊಳಗಿನ ಮೂರನೇ ಒಂದು ಭಾಗ ಎಲ್ಲಿಂದ ಬಂತು ಎಂದರೆ ತರಗತಿ ಸುಮ್ಮನಾಗುತ್ತದೆ. ಒಂದೇ ಪಾದ, ಒಂದೇ ಎತ್ತರದ ಶಂಕು ಮತ್ತು ಸಿಲಿಂಡರನ್ನು ರಟ್ಟಿನಲ್ಲಿ ಮಾಡಿಸಿ, ಮರಳು ಸುರಿಸಿ. ಮೂರು ಶಂಕು ಮರಳಿಗೆ ಸಿಲಿಂಡರು ತುಂಬುತ್ತದೆ. ಆಮೇಲೆ ಆ ಭಿನ್ನರಾಶಿಯನ್ನು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ.

ವರ್ಗ ಸಮೀಕರಣಕ್ಕೂ ಹೀಗೆಯೇ. ಒಂದು ಸಂಖ್ಯೆಯ ವರ್ಗಕ್ಕೆ ಅದರ ಆರರಷ್ಟನ್ನು ಕೂಡಿಸಿದರೆ 16, ಸಂಖ್ಯೆ ಯಾವುದು? ಕಾಗದದ ಚೌಕವೊಂದರ ಎರಡು ಬದಿಗೆ 3 ಅಗಲದ ಪಟ್ಟಿಗಳನ್ನು ಜೋಡಿಸಿ. ಮೂಲೆಯಲ್ಲಿ 9ರಷ್ಟು ಜಾಗ ಖಾಲಿ. ಅದನ್ನು ತುಂಬಿದರೆ ದೊಡ್ಡ ಚೌಕ 25, ಬಾಹು 5, ಬೇಕಾದ ಸಂಖ್ಯೆ 2. ವರ್ಗ ಪೂರ್ಣಗೊಳಿಸುವುದೆಂದರೆ ಏನೆಂದು ಮಗು ಕಣ್ಣಾರೆ ನೋಡುತ್ತದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಗಣಿತ ಕಲಿಕೆಯ ಮುಖ್ಯ ಗುರಿ ಮಗುವಿನ ಆಲೋಚನೆಯನ್ನೇ ಗಣಿತೀಯಗೊಳಿಸುವುದು ಎಂದಿತು. 2020ರ ಶಿಕ್ಷಣ ನೀತಿಯೂ ಅನುಭವದ ಮೂಲಕ ಕಲಿಯಲಿ ಎನ್ನುತ್ತದೆ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ರೂಪಿಸಿದ ಜಿಯೋಜೀಬ್ರಾ ತಂತ್ರಾಂಶ ತರಗತಿಗೆ ಉಚಿತವಾಗಿಯೇ ಸಿಗುತ್ತದೆ. ಅದರಲ್ಲಿ ಅರ್ಧವೃತ್ತದ ಮೇಲಿನ ಬಿಂದುವನ್ನು ಎತ್ತ ಎಳೆದರೂ, ವ್ಯಾಸದ ಎರಡು ತುದಿಗಳೊಂದಿಗೆ ಅದು ಮಾಡುವ ಕೋನ 90 ಡಿಗ್ರಿಯೇ.

ಪರವಾಗಿ ಬರೆಯಿರಿ ಎಂದದ್ದಕ್ಕೆ ಬರೆದಿದ್ದೇನೆ, ಆದರೆ ಎಲ್ಲ ಅಧ್ಯಾಯಕ್ಕೂ ಇದು ಒಗ್ಗುತ್ತದೆ ಎನ್ನಲಾರೆ. 2ರ ವರ್ಗಮೂಲ ಅಭಾಗಲಬ್ಧ, ಅಂದರೆ ಭಿನ್ನರಾಶಿಯಾಗಿ ಬರೆಯಲಾಗದ್ದು ಎಂದು ಸಾಧಿಸಲು ಕಾಗದ, ಕತ್ತರಿ ಸಾಲದು. ಸಮಯ ಸಾಲದೆಂಬ ದೂರಿಗೆ ಮಾತ್ರ ಒಳ್ಳೆಯ ಪಾಠಯೋಜನೆಯೇ ಉತ್ತರ. ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ ಇದ್ದೇ ಇದೆ. ಮೊದಲು ಕೈಗೆ ಸಿಗಲಿ, ಸೂತ್ರ ಆಮೇಲೆ ಬರಲಿ.

ವಿರೋಧ: ಲೆಕ್ಕ ಮಾಡದೆ ಗಣಿತ ಬರುವುದಿಲ್ಲ

ಆ ಕಾಗದದ ಚೌಕಕ್ಕೆ ನಮ್ಮ ತರಬೇತಿಗಳಲ್ಲಿ ಬಹಳ ಚಪ್ಪಾಳೆ. ಉತ್ತರ 2 ಬಂತು, ಸರಿ. ಆದರೆ ಆ ಸಮೀಕರಣಕ್ಕೆ ಇನ್ನೊಂದು ಮೂಲವಿದೆ: −8. ಅದರ ವರ್ಗ 64, ಆರರಷ್ಟು −48, ಕೂಡಿದರೆ 16. ಯಾವ ಕಾಗದವನ್ನು −8 ಉದ್ದಕ್ಕೆ ಕತ್ತರಿಸುತ್ತೀರಿ? ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಇಂಥದೇ ಚೌಕ ಬರೆದು ಧನ ಮೂಲವನ್ನಷ್ಟೇ ಕೊಟ್ಟ. ಅವನಿಗಿಂತ ಇನ್ನೂರು ವರ್ಷ ಮೊದಲೇ, 628ರಲ್ಲಿ, ನಮ್ಮ ಬ್ರಹ್ಮಗುಪ್ತ ಋಣಸಂಖ್ಯೆಗಳಿಗೆ ನಿಯಮ ಬರೆದಿದ್ದ. ಚಿತ್ರ ಕೈಬಿಟ್ಟ ಕಡೆ ಕೈಹಿಡಿಯುವುದು ನಿಯಮವೇ.

ಪರದೆಯ ಮೇಲೆ ಕೋನ 90 ಎಂದು ಕಂಡರೆ ಅದು ಕಂಡದ್ದಾಯಿತು, ಸಾಧಿಸಿದ್ದಾಗಲಿಲ್ಲ. ತ್ರಿಜ್ಯಗಳು ಸಮ, ಆದ್ದರಿಂದ ಎರಡು ಸಮದ್ವಿಬಾಹು ತ್ರಿಭುಜ, ಆದ್ದರಿಂದ ಕೋನಗಳು ಸಮ: ಈ ಆದ್ದರಿಂದಗಳೇ ಗಣಿತ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಸಾಲಾಗಿ ಬರೆದೇ ಅದು ಮೈಗೂಡಬೇಕು.

ಮರಳಿನ ಶಂಕು ಬೇಕಿದ್ದರೆ ತೋರಿಸಿ, ಐದು ನಿಮಿಷದ ಕೆಲಸ. ಆದರೆ ಹೊಸ ವಿಧಾನದವರಿಗೆ ಮಗ್ಗಿಯೆಂದರೆ ಮಗುವಿಗೆ ಕೊಡುವ ಶಿಕ್ಷೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಅರವತ್ತು ಮಕ್ಕಳಿಗೆ ಕತ್ತರಿ ಹಂಚಿ, ಚೂರು ಗುಡಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಮಾರ್ಚಿನಲ್ಲಿ 80 ಅಂಕದ ಪತ್ರಿಕೆ ಬರೆಯುವವರು ಆ ಮಕ್ಕಳು, ತರಬೇತಿ ಕೊಟ್ಟವರಲ್ಲ.

ನನ್ನ ಒಂಬತ್ತನೇ ತರಗತಿಗೆ ಒಬ್ಬ ಹುಡುಗಿ ಬಂದಳು. ಏಳರ ಮಗ್ಗಿ ಬಾರದು, ಬೀಜಗಣಿತ ಅಂದರೆ ಅಳು. ಅವಳಿಗೆ ಯಾವ ಆಟವನ್ನೂ ಆಡಿಸಲಿಲ್ಲ. ದಿನಾ ಪ್ರಾರ್ಥನೆಗೆ ಮೊದಲು ಮಗ್ಗಿ ಹೇಳಿಸಿದೆ, ಸಂಜೆ ಹತ್ತು ಅಪವರ್ತನ ಬರೆಸಿದೆ. ಗುಣಲಬ್ಧ 12, ಮೊತ್ತ 7 ಆಗುವ ಎರಡು ಸಂಖ್ಯೆ ಯಾವುವು? ಗುಣಲಬ್ಧ 12, ಮೊತ್ತ 8. ದೀಪಾವಳಿ ಹೊತ್ತಿಗೆ ಜೋಡಿಗಳು ಅವಳ ನಾಲಿಗೆಯ ಮೇಲಿದ್ದವು. ಒಂದು ಸಂಜೆ, ಬೇಕೆಂದೇ, ಗುಣಲಬ್ಧ 12, ಮೊತ್ತ 1 ಇರುವುದನ್ನು ಕೊಟ್ಟೆ. ಬಹಳ ಹೊತ್ತು ಪಟ್ಟಿ ಮಾಡಿ, ಎದ್ದು ಬಂದು, “ಟೀಚರ್, ಇದು ಒಡಿಯೂದಿಲ್ರೀ. ಹನ್ನೆರಡರ ಜೋಡಿ ಎಲ್ಲಾ ನೋಡೀನಿ, ಒಂದೂ ಬರವಲ್ದು” ಅಂದಳು. ಒಡೆಯುವುದಿಲ್ಲ ಎನ್ನಲು ಎಲ್ಲ ಜೋಡಿಯನ್ನೂ ನೋಡಿರಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತನೇ ತರಗತಿಯಲ್ಲಿ ಶೋಧಕದ, ಅಂದರೆ ವರ್ಗ ಸಮೀಕರಣಕ್ಕೆ ವಾಸ್ತವ ಮೂಲಗಳಿವೆಯೇ ಎಂದು ತಿಳಿಸುವ ಸಂಖ್ಯೆಯ, ಪಾಠ ಬಂದಾಗ, ಅದು ಋಣವಾದರೆ ಏನಾಗುತ್ತದೆಂದು ಇಡೀ ತರಗತಿಗೆ ವಿವರಿಸಿದವಳು ಅವಳೇ. ಕುತೂಹಲ ಹುಟ್ಟಿದ್ದು ಅಭ್ಯಾಸದಿಂದ. ಅಂಕಿಗಳು ಕೈಗೆ ಪಳಗಿದ ಮೇಲೆ ತಲೆಗೆ ಬಿಡುವು ಸಿಕ್ಕಿತು, ಪ್ರಶ್ನೆ ಎದ್ದಿತು.

ಹಾಗಾಗಿ ಇಲಾಖೆಗೆ ನನ್ನ ಬೇಡಿಕೆ ಬೇರೆ. ಹಿಂದಿನ ತರಗತಿಯ ಪಾಠಗಳನ್ನು ಗಟ್ಟಿಮಾಡಿಸುವ ಜೂನಿನ ಸೇತುಬಂಧವನ್ನು ಇನ್ನೂ ಹದಿನೈದು ದಿನ ಹಿಗ್ಗಿಸಿ. ಆ ದಿನಗಳಲ್ಲಿ ಮಗ್ಗಿ, ಭಿನ್ನರಾಶಿ, ಋಣಚಿಹ್ನೆ ಬಿಟ್ಟು ಬೇರೇನನ್ನೂ ಕೇಳಬೇಡಿ, ಚಟುವಟಿಕೆಯ ಫೋಟೊ ಕಳಿಸಿ ಎಂದು ಸುತ್ತೋಲೆಯನ್ನೂ ಹೊರಡಿಸಬೇಡಿ.